ಏಳು ತಂತಿಯ ಹದ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಓಡಾಡುವವರಿಗೆ ಚೌಡಯ್ಯ ಸ್ಮಾರಕ ಭವನದ ಹೆಸರು ಹೊಸದಲ್ಲ. ರಸ್ತೆಯಿಂದ ವೈಯಾಲಿಕಾವಲಿನ ಕಡೆಗೆ ಹೊರಟರೆ ಗಾಯತ್ರಿದೇವಿ ಪಾರ್ಕ್ ಬಡಾವಣೆಯಲ್ಲಿ ಪಿಟೀಲಿನ ಆಕಾರದ ಆ ಕಟ್ಟಡ ಕಾಣುತ್ತದೆ. ಕೆ. ಕೆ. ಮೂರ್ತಿಯವರ ಸಾಹಸದಿಂದ ೧೯೮೦ರಲ್ಲಿ ಅದು ಸಿದ್ಧವಾಯಿತು. ತಂತಿ, ಬಿರಡೆ, ಕುದುರೆ, ಕಮಾನು ಎಲ್ಲವನ್ನೂ ಕಟ್ಟಡದಲ್ಲಿಯೇ ಮೂಡಿಸಿದ್ದಾರೆ. ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರು ಅನೇಕರು; ಆದರೆ ತಂತಿಗಳನ್ನು ಎಣಿಸಿದವರು ಕೆಲವರೇ ಇರಬಹುದು. ಎಣಿಸಿದರೆ ಏಳು. ಪಿಟೀಲಿಗೆ ಇರುವುದು ನಾಲ್ಕು ತಂತಿಯಲ್ಲವೆ? ಉಳಿದ ಮೂರು ಎಲ್ಲಿಂದ ಬಂದವು, ಏಕೆ ಬಂದವು, ಬಂದ ಮೇಲೆ ಅವುಗಳನ್ನು ಹತೋಟಿಯಲ್ಲಿ ಇಟ್ಟುಕೊಂಡ ಬಗೆ ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಸಂಗೀತರತ್ನ ಮೈಸೂರು ಟಿ. ಚೌಡಯ್ಯನವರ ಜೀವನವನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ.

ನಾನು ಸಂಗೀತ ಶಾಸ್ತ್ರದ ವಿದ್ಯಾರ್ಥಿಯಲ್ಲ. ಕಲಾ ವಿಭಾಗದ ಕೊನೆಯ ವರ್ಷದಲ್ಲಿರುವವನು. ಆದರೆ ಬಿಡುವಿನ ವೇಳೆಯಲ್ಲಿ ಸಂಪಿಗೆ ರಸ್ತೆಯ ಒಂದು ಅಡ್ಡರಸ್ತೆಯಲ್ಲಿರುವ ಗೆಳೆಯನ ಕೋಣೆಯಲ್ಲಿ ಕುಳಿತು, ಕಂಪ್ಯೂಟರಿನಲ್ಲಿ ಹಾಡುಗಳನ್ನು ಧ್ವನಿಮುದ್ರಿಸಿ ತಿದ್ದುವ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿತಿದ್ದೇನೆ. ಆ ಕೆಲಸವೇ ನನ್ನನ್ನು ಚೌಡಯ್ಯನವರ ಬಳಿಗೆ ಕರೆತಂದಿತು. ನಾದಕ್ಕೆ ಹೊಸದೊಂದು ಗುಣವನ್ನು ಸೇರಿಸುವುದು ಇಂದು ಒಂದು ಗುಂಡಿಯನ್ನು ತಿರುಗಿಸಿದಷ್ಟೇ ಸುಲಭ. ಅದನ್ನು ಎಷ್ಟಕ್ಕೆ ನಿಲ್ಲಿಸಬೇಕು ಎಂಬುದು ಮಾತ್ರ ಈಗಲೂ ಸುಲಭವಾಗಿಲ್ಲ. ಈ ಕಷ್ಟವನ್ನು ಸುಮಾರು ನೂರು ವರ್ಷಗಳ ಹಿಂದೆಯೇ, ಯಾವ ವಿದ್ಯುತ್ ಯಂತ್ರದ ನೆರವೂ ಇಲ್ಲದೆ, ಬರಿಯ ಬೆರಳು ಮತ್ತು ಕಮಾನಿನಿಂದ ಎದುರಿಸಿದ ಮಹನೀಯರು ನಮ್ಮ ನಾಡಿನಲ್ಲಿಯೇ ಇದ್ದರು.

ಚೌಡಯ್ಯನವರು ೧೮೯೫ರಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲಿನಲ್ಲಿ ಜನಿಸಿದರು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ತಿರುಮಕೂಡಲು ನರಸೀಪುರಕ್ಕೆ ಅಂಟಿಕೊಂಡ ಊರು. ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಕ್ಷೇತ್ರ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿಯೇ ಸೇರುತ್ತದೆಂದು ಭಕ್ತರ ನಂಬಿಕೆ. ಹೀಗೆ ಮೂರು ನೀರು ಕೂಡುವುದರಿಂದ ಅದು ತ್ರಿಮಕುಟವೆನಿಸಿತು. ಮುಂದೆ ಚೌಡಯ್ಯನವರು ತಾವೇ ಕೃತಿಗಳನ್ನು ರಚಿಸಿದಾಗ ಅಂಕಿತವಾಗಿ ಇಟ್ಟುಕೊಂಡದ್ದು ಇದೇ ತ್ರಿಮಕುಟವೆಂಬ ಹೆಸರನ್ನು. ಅರಮನೆ, ಸಭೆ, ಬಿರುದುಗಳನ್ನೆಲ್ಲ ಕಂಡ ಮೇಲೆಯೂ ಹುಟ್ಟಿದೂರನ್ನು ತಮ್ಮ ಹಾಡಿನೊಳಗೆ ಉಳಿಸಿಕೊಂಡವರು ಅವರು.

೧೯೧೦ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಆಗಿನ ಮೈಸೂರಿನ ಗಾಯಕರಲ್ಲಿ ಅಗ್ರಗಣ್ಯರು. ದಾಸರ ದೇವರನಾಮಗಳಿಗೆ ಸಂಗೀತ ಕಚೇರಿಯಲ್ಲಿ ಘನತೆಯ ಸ್ಥಾನವನ್ನು ತಂದುಕೊಟ್ಟವರು; ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ಅವರ ಗುರುಕುಲದಲ್ಲಿ ಚೌಡಯ್ಯನವರು ೧೯೧೮ರವರೆಗೆ, ಎಂದರೆ ಎಂಟು ವರ್ಷ, ಕಲಿತರು. ಎಂಟು ವರ್ಷ ಎಂಬುದು ಬರೆಯುವುದಕ್ಕೆ ಎರಡು ಪದ, ಬಾಳುವುದಕ್ಕೆ ದೀರ್ಘಕಾಲ. ನಮ್ಮ ಪ್ರೌಢಶಾಲೆಯ ಮೊದಲ ತರಗತಿಯಿಂದ ಬಿ.ಎ. ಪದವಿಯವರೆಗಿನ ಅವಧಿಯೂ ಅಷ್ಟೆ. ಇಷ್ಟರಲ್ಲಿ ನಾವು ಹತ್ತಾರು ವಿಷಯಗಳನ್ನು ಮುಟ್ಟಿ ಬಿಡುತ್ತೇವೆ. ಅವರು ಒಂದು ವಿದ್ಯೆಯನ್ನು ಹಿಡಿದು ಕುಳಿತರು.

ಗುರುಗಳು ಗಾಯಕರು, ಶಿಷ್ಯರ ಕೈಯಲ್ಲಿ ಇದ್ದದ್ದು ಪಿಟೀಲು ಎಂಬುದನ್ನು ವಾಚಕರು ಗಮನಿಸಬೇಕು. ಕರ್ನಾಟಕ ಸಂಗೀತದಲ್ಲಿ ವಾದ್ಯವು ಕಂಠವನ್ನು ಅನುಸರಿಸಬೇಕೆಂಬುದು ನಿಯಮ. ಪಿಟೀಲು ನಮ್ಮ ದೇಶದ ವಾದ್ಯವಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರೇ ಮೊದಲಾದವರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿಕೊಂಡರು. ಪಾಶ್ಚಾತ್ಯರು ನಿಂತೋ ಕುರ್ಚಿಯ ಮೇಲೆ ಕುಳಿತೋ, ವಾದ್ಯವನ್ನು ಗಲ್ಲದ ಅಡಿಯಲ್ಲಿ ಹಿಡಿದು ನುಡಿಸುತ್ತಾರೆ. ನಮ್ಮವರು ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಬಲಪಾದದ ಮೇಲೆ ಊರಿಕೊಂಡರು. ಇದರಿಂದ ಎಡಗೈಗೆ ವಾದ್ಯವನ್ನು ಹೊರುವ ಹೊಣೆ ತಪ್ಪಿತು. ಬೆರಳು ತಂತಿಯುದ್ದಕ್ಕೂ ಜಾರಿ ಗಮಕಗಳನ್ನು ತೆಗೆಯುವುದಕ್ಕೆ ಬಿಡುವಾಯಿತು. ಷಡ್ಜ ಪಂಚಮ ಷಡ್ಜ ಪಂಚಮ ಎಂದು ತಂತಿಗಳ ಶ್ರುತಿಯನ್ನೂ ಹಾಡುಗಾರನ ಕಂಠಕ್ಕೆ ಹೊಂದಿಸಿಕೊಂಡರು.

ಹೀಗೆ ಹೊಂದಿಸಿಕೊಳ್ಳುವಾಗ ಒಂದು ಲಾಭವಾಯಿತು, ಒಂದು ನಷ್ಟವೂ ಆಯಿತು. ಗಂಡಸಿನ ಕಂಠದ ಶ್ರುತಿಗೆ ಇಳಿಸಿದಾಗ ತಂತಿಗಳ ಬಿಗಿ ಕಡಿಮೆಯಾಗುತ್ತದೆ. ಬಿಗಿ ಕಡಿಮೆಯಾದರೆ ಗಮಕಕ್ಕೆ ಅನುಕೂಲ. ನಾದ ಮಾತ್ರ ಮಂಕಾಗುತ್ತದೆ, ದೂರಕ್ಕೆ ಮುಟ್ಟುವುದಿಲ್ಲ. ಬಯಲಿನಲ್ಲಿ ಕೇಳುವವನು ಇದ್ದ ದೂರದ ಎರಡರಷ್ಟು ಹಿಂದಕ್ಕೆ ಹೋದರೆ ಅವನ ಕಿವಿಗೆ ತಲಪುವ ಶಬ್ದದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದು ಭೌತಶಾಸ್ತ್ರದ ಸರಳ ನಿಯಮ. ಇಪ್ಪತ್ತು ಅಡಿ ದೂರದಲ್ಲಿ ಕುಳಿತವನಿಗಿಂತ ಎಂಬತ್ತು ಅಡಿ ದೂರದಲ್ಲಿ ಕುಳಿತವನಿಗೆ ದೊರಕುವುದು ಹದಿನಾರನೆಯ ಒಂದು ಪಾಲು.

ಚೌಡಯ್ಯನವರು ಕಚೇರಿಗಳಲ್ಲಿ ಪ್ರಸಿದ್ಧಿಗೆ ಬಂದ ಕಾಲದಲ್ಲಿ ಧ್ವನಿವರ್ಧಕದ ಬಳಕೆ ನಮ್ಮ ಸಭೆಗಳಿಗೆ ಇನ್ನೂ ಬಂದಿರಲಿಲ್ಲ. ದೇವಸ್ಥಾನದ ಪ್ರಾಕಾರ, ಮದುವೆಯ ಚಪ್ಪರ, ರಾಮೋತ್ಸವದ ಪೆಂಡಾಲು ಇವೇ ಸಂಗೀತ ಶಾಲೆಗಳಾಗಿದ್ದವು. ಮುಂದೆ ಕುಳಿತವರಿಗೆ ಪಿಟೀಲು ಕೇಳುತ್ತಿತ್ತು. ಹಿಂದೆ ಕುಳಿತವರು ಕಮಾನಿನ ಓಡಾಟವನ್ನು ನೋಡಿ ಸಂತೋಷಪಡಬೇಕಾಗುತ್ತಿತ್ತು. ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರು ಯಾರು ಎಂಬುದನ್ನು ವಿವರಿಸಬೇಕಾಗಿಲ್ಲ. ದೊಡ್ಡ ಮನುಷ್ಯರಿಗೆ ಮುಂದೆ ಜಮಖಾನ ಹಾಸಿರುತ್ತದೆ. ಕೆಲಸ ಮುಗಿಸಿ ತಡವಾಗಿ ಬಂದವರು ಕಂಬಕ್ಕೆ ಒರಗುತ್ತಾರೆ. ಆ ಕೊನೆಯ ಸಾಲಿಗೂ ತಮ್ಮ ವಾದ್ಯ ಕೇಳಿಸಬೇಕು ಎಂಬ ಹಂಬಲವೇ ಚೌಡಯ್ಯನವರ ಪ್ರಯೋಗಕ್ಕೆ ಮೂಲವಾಯಿತು. ಅವರ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು. ಬಿ.ಎ. ತರಗತಿಯವರೆಗೆ ಬಂದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗ. ಕಂಬಕ್ಕೆ ಒರಗಿ ಕೇಳಿದವರ ವಂಶಕ್ಕೆ ಸೇರಿದವನು.

೧೯೨೦ರ ದಶಕದ ಉತ್ತರಾರ್ಧದಲ್ಲಿ ಅವರು ಪಿಟೀಲಿಗೆ ಮೂರು ತಂತಿಗಳನ್ನು ಹೆಚ್ಚಾಗಿ ಕಟ್ಟಿ ಏಳು ತಂತಿಯ ವಾದ್ಯವನ್ನು ರೂಢಿಗೆ ತಂದರು. ಹೊಸ ತಂತಿಗಳು ಬೇರೆ ಸ್ವರಗಳಿಗಾಗಿ ಬಂದವುಗಳಲ್ಲ. ಮೊದಲೇ ಇದ್ದ ತಂತಿಗಳಿಗೆ ಜೊತೆಯಾಗಿ ಬಂದವು. ಹಳೆಯ ತಂತಿ ಒಂದು ಸ್ಥಾಯಿಯಲ್ಲಿ ನುಡಿದರೆ ಅದರ ಪಕ್ಕದ ಜೊತೆ ತಂತಿ ಅದೇ ಸ್ವರವನ್ನು ಮೇಲಿನ ಸ್ಥಾಯಿಯಲ್ಲಿ ನುಡಿಯುವಂತೆ ಏರ್ಪಾಟು. ತಂದೆ ಹಾಡುವಾಗ ಪಕ್ಕದಲ್ಲಿ ಕುಳಿತ ಮಗು ಅದೇ ಹಾಡನ್ನು ತನ್ನ ಎಳೆಯ ಕಂಠದಲ್ಲಿ ಕೂಡಿಸಿದಂತೆ.

ಇದರಿಂದ ನಾದ ಎರಡರಷ್ಟಾಯಿತೆಂದು ಹೇಳಿಬಿಡುವುದು ಸುಲಭ. ಆದರೆ ನಿಜಾಂಶ ಅಷ್ಟು ಸರಳವಲ್ಲ. ಶಬ್ದದ ಶಕ್ತಿ ಎರಡರಷ್ಟಾದರೆ ಏರಿಕೆ ೩ ಡೆಸಿಬೆಲ್ ಮಾತ್ರ. ನಮ್ಮ ಕಿವಿಗೆ ಎರಡರಷ್ಟು ಜೋರಾಯಿತೆಂದು ತೋರಬೇಕಾದರೆ ಸುಮಾರು ೧೦ ಡೆಸಿಬೆಲ್ ಏರಬೇಕು; ಎಂದರೆ ಒಂದೇ ಬಗೆಯ ಹತ್ತು ಪಿಟೀಲುಗಳನ್ನು ಒಟ್ಟಿಗೆ ನುಡಿಸಬೇಕು. ಆದ್ದರಿಂದ ಜೊತೆ ತಂತಿಯ ಗುಟ್ಟು ಬರಿಯ ಜೋರಿನಲ್ಲಿ ಇಲ್ಲ. ಮನುಷ್ಯನ ಕಿವಿ ಎಲ್ಲ ಕಂಪನಗಳನ್ನೂ ಸಮನಾಗಿ ಗ್ರಹಿಸುವುದಿಲ್ಲ. ಸೆಕೆಂಡಿಗೆ ಸುಮಾರು ೨೦೦೦ದಿಂದ ೫೦೦೦ದವರೆಗಿನ ಕಂಪನಗಳಿಗೆ ಅದು ಬಹು ಚುರುಕು. ಮೇಲಿನ ಸ್ಥಾಯಿಯ ತಂತಿ ಆ ಭಾಗಕ್ಕೆ ಹೆಚ್ಚು ನಾದವನ್ನು ಒದಗಿಸುತ್ತದೆ. ಮಂದ್ರದ ಗಾಂಭೀರ್ಯ ಕೆಳಗೆ ಇದ್ದೇ ಇರುತ್ತದೆ. ಮೇಲೆ ಒಂದು ಹೊಳಪು ಸೇರಿ ಅದನ್ನು ದೂರಕ್ಕೆ ಒಯ್ಯುತ್ತದೆ. ಶಬ್ದಶಾಸ್ತ್ರದ ಈ ಲೆಕ್ಕ ಕೈಯಲ್ಲಿ ಇಲ್ಲದಿದ್ದರೂ, ಕಿವಿಯ ಬಲದಿಂದಲೇ ಕೆಲಸಕ್ಕೆ ಬರುವ ಉಪಾಯವೊಂದು ದೊರೆತಿತ್ತು.

ಆದರೆ ಉಪಾಯ ಸಿಕ್ಕಿದ ಮೇಲೆಯೇ ನಿಜವಾದ ಕಷ್ಟ ಮೊದಲಾಯಿತು. ಪಿಟೀಲಿನ ತಂತಿ ಕುದುರೆಯಿಂದ ಮೇಲ್ತುದಿಯವರೆಗೆ ಸುಮಾರು ಮೂವತ್ತೆರಡೂವರೆ ಸೆಂಟಿಮೀಟರ್ ಉದ್ದವಿರುತ್ತದೆ. ಅದಕ್ಕೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ತಂತಿಯ ನಡುಭಾಗದಲ್ಲಿ ಬೆರಳು ಒಂದು ಮಿಲಿಮೀಟರ್ ಜರುಗಿದರೆ ಸಾಕು, ಒಂದು ಸ್ವರಸ್ಥಾನದ ಹತ್ತನೆಯ ಒಂದು ಪಾಲಿನಷ್ಟು ವ್ಯತ್ಯಾಸವಾಗುತ್ತದೆ. ಒಂದೇ ತಂತಿಯಾದರೆ ಆ ವ್ಯತ್ಯಾಸವನ್ನು ಗಮಕದೊಳಗೆ ತಿದ್ದಿಕೊಳ್ಳಬಹುದು. ಎರಡು ತಂತಿಗಳನ್ನು ಒಂದೇ ಬೆರಳಿನಿಂದ ಒತ್ತಿದಾಗ ಬೆರಳು ಒಂದಿಷ್ಟು ಓರೆಯಾದರೂ ಎರಡರ ಅಳತೆ ಬೇರೆಯಾಗುತ್ತದೆ. ಕೆಳಗಿನ ತಂತಿ ಸೆಕೆಂಡಿಗೆ ೨೨೦ ಸಲ ಕಂಪಿಸಿದರೆ ಅದರ ಜೊತೆ ತಂತಿ ಸರಿಯಾಗಿ ೪೪೦ ಸಲ ಕಂಪಿಸಬೇಕು. ಅದು ೪೪೨ ಆದರೆ ಸೆಕೆಂಡಿಗೆ ಎರಡು ಸಲ ನಾದ ಏರಿ ಇಳಿದು ಅಲೆಯಂತೆ ನಡುಗುತ್ತದೆ. ಸೇರಿಸಿದ ಗುಣವೇ ಆಗ ದೋಷವಾಗುತ್ತದೆ.

ಇದು ಎಡಗೈಯ ಪಾಡಾಯಿತು. ಬಲಗೈಯದು ಇನ್ನೂ ಸೂಕ್ಷ್ಮ. ಕಮಾನಿನಲ್ಲಿ ವಾದಕನ ಅಧೀನದಲ್ಲಿ ಇರುವುವು ಮುಖ್ಯವಾಗಿ ಮೂರು: ಎಳೆಯುವ ವೇಗ, ಒತ್ತುವ ಭಾರ, ಕುದುರೆಯಿಂದ ಎಷ್ಟು ದೂರದಲ್ಲಿ ತಂತಿಯನ್ನು ಮುಟ್ಟುತ್ತಾನೆ ಎಂಬುದು. ಒತ್ತಡ ಕಡಿಮೆಯಾದರೆ ತಂತಿ ಸಿಳ್ಳೆ ಹಾಕುತ್ತದೆ. ಹೆಚ್ಚಾದರೆ ಕರ್ಕಶವಾಗಿ ಕಿರುಗುಟ್ಟುತ್ತದೆ. ಕುದುರೆಯ ಹತ್ತಿರಕ್ಕೆ ಹೋದಷ್ಟೂ ಹೆಚ್ಚು ಒತ್ತಬೇಕು, ನಾದವೂ ಚುರುಕಾಗುತ್ತದೆ. ಇವೆರಡರ ನಡುವೆ ಸುನಾದ ಹುಟ್ಟುವ ಒಂದು ಎಡೆ ಇದೆ. ದಪ್ಪ ತಂತಿಗೆ ಆ ಎಡೆ ಒಂದು ಬಗೆ, ತೆಳು ತಂತಿಗೆ ಬೇರೊಂದು ಬಗೆ. ಎರಡನ್ನೂ ಒಂದೇ ಕಮಾನಿನಿಂದ ನುಡಿಸುವವನಿಗೆ ಎರಡಕ್ಕೂ ಒಪ್ಪುವ ಜಾಗ ಮಾತ್ರ ಉಳಿಯುತ್ತದೆ. ಕಮಾನು ಕೂದಲೆಳೆಯಷ್ಟು ಒಂದು ಕಡೆಗೆ ವಾಲಿದರೆ ಜೊತೆ ತಂತಿ ಮುಂದಾಗಿ ಮೂಲ ತಂತಿ ಅಡಗುತ್ತದೆ; ಇನ್ನೊಂದು ಕಡೆಗೆ ವಾಲಿದರೆ ಜೊತೆ ತಂತಿ ಇದ್ದೂ ಇಲ್ಲದಂತಾಗುತ್ತದೆ. ಕಚೇರಿಯ ಮೂರು ನಾಲ್ಕು ಗಂಟೆಗಳ ಕಾಲ, ಓಡುವ ಕಲ್ಪನಾಸ್ವರದ ನಡುವೆಯೂ ಈ ತಕ್ಕಡಿ ತೂಗುತ್ತಲೇ ಇರಬೇಕು.

ಇನ್ನು ಮರದ ವಿಚಾರ. ನಾಲ್ಕು ತಂತಿಗಳನ್ನು ಪಾಶ್ಚಾತ್ಯ ಶ್ರುತಿಗೆ ಬಿಗಿದಾಗ ವಾದ್ಯದ ಮೇಲೆ ಬೀಳುವ ಎಳೆತ ಇಪ್ಪತ್ತು ಕಿಲೋಗ್ರಾಂ ತೂಕಕ್ಕೂ ಮಿಕ್ಕಿದ್ದು. ಒಂದೊಂದು ತಂತಿ ಸೇರಿದಂತೆ ಕುದುರೆ ತೆಳು ಮರದ ಹಲಗೆಯನ್ನು ಮತ್ತಷ್ಟು ಅದುಮುತ್ತದೆ. ಮೂರು ಬಿರಡೆಗಳಿಗೆ ಹೊಸದಾಗಿ ಎಡೆ ಮಾಡಬೇಕು. ಕುದುರೆಯ ಬಾಗನ್ನು ಜೊತೆ ತಂತಿಗಳಿಗೆ ತಕ್ಕಂತೆ ತಿದ್ದಬೇಕು. ಶ್ರುತಿ ಮಾಡಿಕೊಳ್ಳುವುದೇ ಒಂದು ಸಾಧನೆ. ಸಭೆಯ ಶಾಖಕ್ಕೆ ಒಂದು ತಂತಿ ಇಳಿದರೂ ಅದರ ಜೊತೆಯದು ಕೂಡಲೇ ದೂರು ಹೇಳುತ್ತದೆ.

ಈ ಸ್ಥಳದಲ್ಲಿ ನನ್ನ ಕಂಪ್ಯೂಟರಿನ ಅನುಭವವನ್ನು ಹೇಳಿದರೆ ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ. ಈಗಿನ ಧ್ವನಿಮುದ್ರಣ ತಂತ್ರಾಂಶಗಳಲ್ಲಿ ಪ್ಲಗಿನ್ ಎಂಬ ಚಿಕ್ಕ ತಂತ್ರಾಂಶಗಳನ್ನು ಸೇರಿಸಿಕೊಳ್ಳುವ ಅನುಕೂಲವಿದೆ. ದೇವಸ್ಥಾನದ ಮಂಟಪದಲ್ಲಿ ಹಾಡಿದಂತೆ ಗುಂಯ್ಗುಡಿಸುವುದು ಒಂದು; ಕಂಠದ ಹೊಳಪನ್ನು ಹೆಚ್ಚು ಕಡಿಮೆ ಮಾಡುವುದು ಇನ್ನೊಂದು; ಹಾಡಿದ ಸ್ವರಕ್ಕೆ ಮೇಲಿನ ಸ್ಥಾಯಿಯ ನೆರಳನ್ನು ಕೂಡಿಸುವುದು ಮತ್ತೊಂದು. ಈ ಮೂರನೆಯದನ್ನು ಮೊದಲ ಸಲ ಕಂಡಾಗ ನನಗೆ ಚೌಡಯ್ಯನವರ ಜೊತೆ ತಂತಿಯೇ ನೆನಪಾಯಿತು. ಪ್ರತಿಯೊಂದು ಪ್ಲಗಿನ್‌ನಲ್ಲೂ ತೆರೆಯ ಮೇಲೆ ಚಿತ್ರಿಸಿದ ಗುಂಡಿಗಳಿರುತ್ತವೆ. ಮೂಲ ಧ್ವನಿ ಎಷ್ಟು ಪಾಲು, ಸೇರಿಸಿದ್ದು ಎಷ್ಟು ಪಾಲು ಎಂದು ಗೊತ್ತುಮಾಡುವ ಗುಂಡಿ ಅವುಗಳಲ್ಲಿ ಬಹು ಮುಖ್ಯವಾದದ್ದು.

ಇಲ್ಲಿ ಒಂದು ಲೆಕ್ಕವನ್ನು ವಾಚಕರು ಗಮನಿಸಬೇಕೆಂದು ಕೋರುತ್ತೇನೆ. ವಾದ್ಯಗಳೂ ಕಂಪ್ಯೂಟರುಗಳೂ ಪರಸ್ಪರ ಮಾತನಾಡಲೆಂದು ೧೯೮೩ರಲ್ಲಿ ಮಿಡಿ ಎಂಬ ಸಂಕೇತ ಪದ್ಧತಿ ಬಳಕೆಗೆ ಬಂದಿತು. ಅದರಲ್ಲಿ ಒಂದು ಸಾಧಾರಣ ಗುಂಡಿಗೆ ದೊರಕುವುದು ಸೊನ್ನೆಯಿಂದ ೧೨೭ರವರೆಗೆ ೧೨೮ ನಿಲುಗಡೆಗಳು ಮಾತ್ರ. ಕಿವಿಗೆ ಕೇಳುವ ವ್ಯಾಪ್ತಿಯಾದ ಸೆಕೆಂಡಿಗೆ ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗೆ ಒಂದು ಶೋಧಕದ ಗುಂಡಿಯನ್ನು ಹರಡಿದೆವೆಂದು ಇಟ್ಟುಕೊಳ್ಳೋಣ. ಇದು ಸುಮಾರು ಹತ್ತು ಸ್ಥಾಯಿಗಳ ಹರವು. ಹತ್ತು ಸ್ಥಾಯಿಗೆ ೧೨೭ ಹೆಜ್ಜೆಗಳನ್ನು ಸಮನಾಗಿ ಹಂಚಿದರೆ ಒಂದೊಂದು ಹೆಜ್ಜೆಗೆ ಹೆಚ್ಚು ಕಡಿಮೆ ಒಂದು ಸ್ವರಸ್ಥಾನದಷ್ಟು ಅಂತರ ಬೀಳುತ್ತದೆ. ನಮ್ಮ ಸಂಗೀತದ ಪ್ರಾಣವೆಲ್ಲ ಇರುವುದು ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ನಡುವಿನ ಜಾಗದಲ್ಲಿ ಅಲ್ಲವೆ? ಅಲ್ಲಿ ಆ ಗುಂಡಿಗೆ ಕಾಲೂರುವುದಕ್ಕೂ ನೆಲೆಯಿಲ್ಲ. ಈ ಕೊರತೆಯನ್ನು ತಿಳಿದೇ ಅದೇ ಪದ್ಧತಿಯಲ್ಲಿ ಎರಡು ಸಂಖ್ಯೆಗಳನ್ನು ಜೋಡಿಸಿ ೧೬,೩೮೪ ನಿಲುಗಡೆಗಳನ್ನು ಪಡೆಯುವ ಏರ್ಪಾಟನ್ನೂ ಮಾಡಿದ್ದಾರೆ. ತೆರೆಯ ಮೇಲಿನ ಗುಂಡಿಯನ್ನು ಮೌಸಿನಿಂದ ಎಳೆಯುವಾಗ ಷಿಫ್ಟ್ ಅಥವಾ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದರೆ ಗುಂಡಿ ನಿಧಾನವಾಗಿ, ಸಣ್ಣ ಸಣ್ಣ ಅಳತೆಯಲ್ಲಿ ಚಲಿಸುವ ಅನುಕೂಲವೂ ಅನೇಕ ತಂತ್ರಾಂಶಗಳಲ್ಲಿದೆ.

ನಮ್ಮ ಅಜ್ಜಿ ಸೋಬಾನೆ ಪದಗಳನ್ನು ಹಾಡುತ್ತಾಳೆ. ವಯಸ್ಸಾದ ಕಂಠ, ತೆಳ್ಳಗಾಗಿದೆ. ಅವಳ ಹಾಡನ್ನು ಊರಿನಲ್ಲಿ ಫೋನಿನಲ್ಲಿಯೇ ಮುದ್ರಿಸಿಕೊಂಡು ಬಂದು ಗೆಳೆಯನ ಕೋಣೆಯಲ್ಲಿ ಕೇಳಿದೆವು. ಸ್ಥಾಯಿಯ ನೆರಳನ್ನು ಸ್ವಲ್ಪ ಕೂಡಿಸಿದರೆ ತುಂಬಿಕೊಳ್ಳುತ್ತದೆಂದು ಗೆಳೆಯ ಸೂಚಿಸಿದ. ಮೌಸಿನಿಂದ ಎಳೆದರೆ ಗುಂಡಿ ಎಂಟರಿಂದ ಹದಿನೈದಕ್ಕೆ, ಅಲ್ಲಿಂದ ಇಪ್ಪತ್ತಕ್ಕೆ ನೆಗೆಯುತ್ತಿತ್ತು. ಕೀಲಿಯನ್ನು ಒತ್ತಿ ಹಿಡಿದು, ಒಂದೊಂದಾಗಿ ಏರಿಸುತ್ತ, ಪ್ರತಿ ಸಲವೂ ಮೊದಲಿನಿಂದ ಕೇಳಿದೆವು. ನೂರರಲ್ಲಿ ಹನ್ನೆರಡು ಪಾಲು ಇದ್ದಾಗ ಅಜ್ಜಿಯ ಧ್ವನಿ ಎದ್ದು ನಿಂತಿತು. ಪದಗಳು ಬಿಡಿ ಬಿಡಿಯಾಗಿ ಕೇಳಿದವು. ಇಪ್ಪತ್ತಕ್ಕೆ ಏರಿಸಿದಾಗ ಹಾಡು ಇನ್ನೂ ಸೊಗಸಾಯಿತೆಂದೇ ಹೇಳಬೇಕು; ಆದರೆ ಹಾಡುತ್ತಿದ್ದವಳು ನಮ್ಮ ಅಜ್ಜಿಯಾಗಿ ಉಳಿದಿರಲಿಲ್ಲ. ಹನ್ನೆರಡಕ್ಕೆ ನಿಲ್ಲಿಸಿದೆವು. ಆ ಹನ್ನೆರಡನ್ನು ತಂತ್ರಾಂಶ ಹೇಳಲಿಲ್ಲ. ಸಣ್ಣ ಅಳತೆಯಲ್ಲಿ ಹೋಗುವ ದಾರಿಯನ್ನು ಅದು ಮಾಡಿಕೊಟ್ಟಿತು. ಎಲ್ಲಿ ನಿಲ್ಲಬೇಕೆಂಬುದನ್ನು ಅವಳ ತೊಡೆಯ ಮೇಲೆ ಮಲಗಿ ಆ ಹಾಡು ಕೇಳಿದ್ದ ಕಿವಿ ಹೇಳಿತು.

ಈಗ ಚೌಡಯ್ಯನವರ ಕಡೆಗೆ ಮರಳೋಣ. ನಮಗೆ ಇದ್ದ ಒಂದು ಸೌಕರ್ಯ ಅವರಿಗೆ ಇರಲಿಲ್ಲ. ನಾವು ಮುದ್ರಿಸಿದ್ದನ್ನು ಇಪ್ಪತ್ತು ಸಲ ಕೇಳಿ ತಿದ್ದಿದೆವು. ಅವರು ತಿದ್ದಬೇಕಾದದ್ದು ನುಡಿಸುವ ಕ್ಷಣದಲ್ಲಿಯೇ. ಅದರ ಮೇಲೆ ಅವರು ಬಹುಪಾಲು ನುಡಿಸಿದ್ದು ಪಕ್ಕವಾದ್ಯವನ್ನು. ಪಕ್ಕವಾದ್ಯದ ಧರ್ಮ ಬಲು ಕಠಿಣ. ಹಾಡುಗಾರ ಹಾಡುವಾಗ ಅವನ ಹಿಂದೆ ನೆರಳಾಗಿ ಇರಬೇಕು. ತನ್ನ ಸರದಿ ಬಂದಾಗ ತನ್ನದೇ ಕಲ್ಪನೆಯಿಂದ ತುಂಬಿ ನುಡಿಯಬೇಕು. ಮರುಕ್ಷಣವೇ ಮತ್ತೆ ಹಿಂದಕ್ಕೆ ಸರಿಯಬೇಕು. ಕೊನೆಯ ಸಾಲಿಗೆ ಕೇಳಿಸಲೆಂದು ಬಲಪಡಿಸಿದ ವಾದ್ಯ ಪಕ್ಕದಲ್ಲಿ ಕುಳಿತ ಗಾಯಕನನ್ನೇ ಮುಳುಗಿಸಿಬಿಟ್ಟರೆ ಅದರಿಂದ ಯಾರಿಗೆ ಪ್ರಯೋಜನ? ಏಳು ತಂತಿಯನ್ನು ಕಟ್ಟಿದವರ ಮೇಲೆ ನಾಲ್ಕು ತಂತಿಯವರಿಗಿಂತ ಹೆಚ್ಚಿನ ಸಂಯಮದ ಹೊಣೆ ಬಿತ್ತು.

ಆ ಹೊಣೆಯನ್ನು ಅವರು ಹೇಗೆ ಹೊತ್ತರೆಂಬುದಕ್ಕೆ ಅವರೊಡನೆ ವೇದಿಕೆ ಹಂಚಿಕೊಂಡವರ ಹೆಸರುಗಳೇ ಸಾಕ್ಷಿ. ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು, ಚೆಂಬೈ ವೈದ್ಯನಾಥ ಭಾಗವತರು, ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರಂಥ ಮಹಾವಿದ್ವಾಂಸರು ತಮ್ಮ ಪಕ್ಕದಲ್ಲಿ ಚೌಡಯ್ಯನವರನ್ನು ಕೂರಿಸಿಕೊಂಡರು. ಇವರೆಲ್ಲರ ಕಂಠವೂ ಒಂದೇ ಬಗೆಯದಲ್ಲ. ಚೆಂಬೈಯವರದು ತುಂಬಿದ, ಗಂಟೆಯಂಥ ಕಂಠ. ಅಂಥ ಕಂಠದ ಪಕ್ಕದಲ್ಲಿ ಸಣ್ಣ ನಾದದ ಪಿಟೀಲು ಕಳೆದುಹೋಗುತ್ತದೆ. ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಸೇರಿದ ಚೆಂಬೈಯವರ ಕಚೇರಿಗಳು ದಕ್ಷಿಣ ದೇಶದಲ್ಲೆಲ್ಲ ಮನೆಮಾತಾದವು. ಪ್ರತಿಯೊಬ್ಬ ಗಾಯಕನಿಗೂ ತನ್ನದೇ ಅಳತೆ ಬೇಕು. ಒಬ್ಬರಿಗೆ ಒಪ್ಪಿದ ಹದ ಇನ್ನೊಬ್ಬರಿಗೆ ಒಪ್ಪುವುದಿಲ್ಲ. ಇದನ್ನು ಮೊದಲ ಕೃತಿಯ ಪಲ್ಲವಿ ಮುಗಿಯುವುದರೊಳಗೆ ಕಂಡುಕೊಳ್ಳುವವನೇ ಪಕ್ಕವಾದ್ಯಗಾರ.

ಏಳು ತಂತಿಯನ್ನು ಎಲ್ಲರೂ ಮೆಚ್ಚಿದರೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಒಂಟಿ ತಂತಿಯ ನುಣುಪು ಅದರಲ್ಲಿ ಇಲ್ಲವೆಂಬ ಆಕ್ಷೇಪಣೆ ರಸಿಕರಲ್ಲಿ ಇತ್ತು. ಆ ಕಾಲದ ಪಿಟೀಲು ವಾದಕರಲ್ಲಿ ಮೂವರನ್ನು ತ್ರಿಮೂರ್ತಿಗಳೆಂದು ಹೇಳುವ ವಾಡಿಕೆಯಿದೆ: ದ್ವಾರಂ ವೆಂಕಟಸ್ವಾಮಿ ನಾಯುಡು, ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೆ, ಮೈಸೂರು ಚೌಡಯ್ಯ. ಉಳಿದ ಇಬ್ಬರೂ ನಾಲ್ಕು ತಂತಿಯಲ್ಲಿಯೇ ಕೀರ್ತಿಶಿಖರವನ್ನು ಏರಿದವರು. ಆದ್ದರಿಂದ ಏಳು ತಂತಿಯಿಲ್ಲದೆ ಪಿಟೀಲಿಗೆ ಗತಿಯಿಲ್ಲವೆಂದು ವಾದಿಸುವಂತಿಲ್ಲ. ಆಕ್ಷೇಪಣೆಯಲ್ಲಿಯೂ ಸತ್ಯಾಂಶವಿದೆಯೆಂದೇ ನನ್ನ ಭಾವನೆ. ಎರಡು ತಂತಿಗಳು ಸೇರಿದಾಗ ನಾದಕ್ಕೆ ಒಂದು ಅಂಚು ಬರುತ್ತದೆ. ಆ ಅಂಚು ಕೆಲವರ ಕಿವಿಗೆ ಹೊಳಪು, ಕೆಲವರ ಕಿವಿಗೆ ಒರಟು. ಯಾವ ಗುಣವನ್ನು ಸೇರಿಸಿದರೂ ಮತ್ತೊಂದನ್ನು ಅಷ್ಟಿಷ್ಟಾದರೂ ಬಿಟ್ಟುಕೊಡಬೇಕಾಗುತ್ತದೆ.

ಚೌಡಯ್ಯನವರು ವಾದನಕ್ಕೆ ಮಾತ್ರ ಸೀಮಿತರಾಗಿರಲಿಲ್ಲ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿ ಗೌರವ ಪಡೆದರು. ಶಿಷ್ಯರಿಗೆ ವಿದ್ಯೆಯನ್ನು ಧಾರೆಯೆರೆದರು, ವಿ. ಸೇತುರಾಮಯ್ಯ, ಆರ್. ಕೆ. ವೆಂಕಟರಾಮ ಶಾಸ್ತ್ರಿ, ಕಂಡದೇವಿ ಅಳಗಿರಿಸ್ವಾಮಿ ಮುಂತಾದವರು ಅವರ ಶಿಷ್ಯವರ್ಗಕ್ಕೆ ಸೇರಿದವರು. ೧೯೪೩ರಲ್ಲಿ ತೆರೆಗೆ ಬಂದ, ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ವಾಣಿ ಎಂಬ ಕನ್ನಡ ಚಲನಚಿತ್ರದ ಹಿಂದೆಯೂ ಅವರ ಉತ್ಸಾಹವಿತ್ತು. ೧೯೫೭ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಎಂಬ ಬಿರುದನ್ನಿತ್ತು ಗೌರವಿಸಿತು. ಅದೇ ವರ್ಷ ದೆಹಲಿಯ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಗುರು ಬಿಡಾರಂ ಕೃಷ್ಣಪ್ಪನವರು ೧೯೩೧ರಲ್ಲಿಯೇ ತೀರಿಕೊಂಡಿದ್ದುದರಿಂದ ಶಿಷ್ಯನ ಈ ವೈಭವವನ್ನು ನೋಡುವ ಭಾಗ್ಯ ಅವರಿಗೆ ದೊರೆಯಲಿಲ್ಲ.

ಇಷ್ಟರಲ್ಲಿ ಕಾಲವೇ ಬದಲಾಗಿತ್ತು. ೧೯೩೦ರ ದಶಕದಿಂದ ಈಚೆಗೆ ಧ್ವನಿವರ್ಧಕ ನಮ್ಮ ಸಭೆಗಳಿಗೆ ಒಂದೊಂದಾಗಿ ಕಾಲಿಟ್ಟಿತು. ಕಂಬಕ್ಕೆ ಒರಗಿದವನಿಗೂ ಈಗ ನಾಲ್ಕು ತಂತಿಯ ಪಿಟೀಲು ಸ್ಪಷ್ಟವಾಗಿ ಕೇಳುವಂತಾಯಿತು. ಯಾವ ಕೊರತೆಯನ್ನು ನೀಗಿಸಲೆಂದು ಮೂರು ತಂತಿಗಳು ಹುಟ್ಟಿದವೋ ಆ ಕೊರತೆಯೇ ಇಲ್ಲವಾಯಿತು. ಇನ್ನು ಆ ತಂತಿಗಳನ್ನು ಬಿಚ್ಚಿಹಾಕಬಹುದಾಗಿತ್ತು. ಎಡಗೈಗೂ ಬಲಗೈಗೂ ಎಷ್ಟೋ ಆರಾಮವಾಗುತ್ತಿತ್ತು. ಚೌಡಯ್ಯನವರು ಬಿಚ್ಚಲಿಲ್ಲ.

ಇದಕ್ಕೆ ಕಾರಣವೇನಿರಬಹುದೆಂದು ನಾನು ಬಹಳ ಯೋಚಿಸಿದ್ದೇನೆ. ಹಟವೆಂದು ಕೆಲವರು ಹೇಳಬಹುದು. ಅಭ್ಯಾಸಬಲವೆಂದು ಇನ್ನು ಕೆಲವರು. ನನಗೆ ಹಾಗೆ ತೋರುವುದಿಲ್ಲ. ಸಹಾಯಕ್ಕೆಂದು ಬಂದ ಗುಣ ವರ್ಷಾನುಗಟ್ಟಲೆ ಹತೋಟಿಯಲ್ಲಿ ಪಳಗಿ ಅವರ ಸ್ವಂತ ಧ್ವನಿಯೇ ಆಗಿಹೋಗಿತ್ತು. ಧ್ವನಿವರ್ಧಕ ಇದ್ದ ನಾದವನ್ನು ಹಿಗ್ಗಿಸುತ್ತದೆ; ನಾದದ ಗುಣವನ್ನು ಕಟ್ಟುವುದಿಲ್ಲ. ಏಳು ತಂತಿ ಮೊದಲು ಕೊನೆಯ ಸಾಲಿನವರಿಗಾಗಿ ಇದ್ದಿತು. ಆಮೇಲೆ ಸಂಗೀತಕ್ಕಾಗಿಯೇ ಉಳಿಯಿತು. ಹಾಗೆ ಉಳಿಯುವ ಯೋಗ್ಯತೆ ಅದಕ್ಕೆ ಬಂದದ್ದು ತಂತಿಯ ಸಂಖ್ಯೆಯಿಂದಲ್ಲ, ಅದನ್ನು ಆಳಿದ ಕೈಯಿಂದ. ಇಂದು ಬಹುಮಂದಿ ವಾದಕರು ನಾಲ್ಕು ತಂತಿಯನ್ನೇ ನುಡಿಸುತ್ತಾರೆ. ಏಳು ತಂತಿಯ ಪಿಟೀಲು ಅಪರೂಪವಾಗಿದೆ. ಅದನ್ನು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು. ಆ ಕೈಯನ್ನು ಮಾಡಿಸಿಕೊಳ್ಳುವುದು ಸಾಧ್ಯವಿಲ್ಲ. ಅದಕ್ಕೆ ಎಂಟು ವರ್ಷದ ಗುರುಕುಲವೂ ನಂತರದ ನಲವತ್ತೆಂಟು ವರ್ಷದ ಬಾಳುವೆಯೂ ಬೇಕಾಯಿತು.

೧೯೬೭ನೆಯ ಜನವರಿ ೧೯ರಂದು ಚೌಡಯ್ಯನವರು ಕಾಲವಶರಾದರು. ಅವರ ವಾದನದ ಧ್ವನಿಮುದ್ರಣಗಳು ಈಗಲೂ ದೊರೆಯುತ್ತವೆ. ಹಳೆಯ ಮುದ್ರಣ ಯಂತ್ರಗಳು ಮೇಲಿನ ಕಂಪನಗಳನ್ನು ಪೂರ್ಣವಾಗಿ ಹಿಡಿಯಲಾರದವು; ಆದ್ದರಿಂದ ಜೊತೆ ತಂತಿಯ ಹೊಳಪು ಅವುಗಳಲ್ಲಿ ಅರ್ಧಕ್ಕರ್ಧ ಮಾಸಿರಬೇಕು. ಆದರೂ ಚೆಂಬೈಯವರು ಒಂದು ಸಂಗತಿಯನ್ನು ಹಾಡಿ ನಿಲ್ಲಿಸಿದೊಡನೆ ಪಿಟೀಲು ಅದನ್ನು ಎತ್ತಿಕೊಳ್ಳುವುದನ್ನು ಗಮನವಿಟ್ಟು ಕೇಳಬೇಕು. ಗಾಯಕರು ಮತ್ತೆ ಬಾಯಿ ತೆರೆಯುವ ಮುನ್ನವೇ ಅದು ತಗ್ಗಿ ದಾರಿ ಬಿಡುತ್ತದೆ. ಅಷ್ಟು ದೊಡ್ಡ ನಾದ, ಅಷ್ಟು ಬೇಗ ತಗ್ಗುವುದು ಹೇಗೆ ಎಂದು ಆಶ್ಚರ್ಯವಾಗುತ್ತದೆ.

ನನ್ನಂಥ ವಿದ್ಯಾರ್ಥಿಗಳ ಮುಂದೆ ಇಂದು ಗುಂಡಿಗಳಿಗೆ ಬರವಿಲ್ಲ. ಹಳ್ಳಿಯ ಹಾಡು, ಹರಿಕಥೆ, ತತ್ತ್ವಪದ ಎಲ್ಲವೂ ನಮ್ಮ ಕೈಗೆ ಬಂದು ಕಂಪ್ಯೂಟರಿನ ಮೂಲಕ ಮುಂದಿನವರಿಗೆ ಹೋಗುತ್ತಿವೆ. ಅವುಗಳಿಗೆ ಮೆರುಗು ಕೊಡುವುದು ತಪ್ಪಲ್ಲ. ದೂರದವರಿಗೆ ಕೇಳಿಸಬೇಕೆಂಬುದೇ ಚೌಡಯ್ಯನವರ ಆಸೆಯೂ ಆಗಿತ್ತು. ಆದರೆ ಹಾಡಿದವರ ಧ್ವನಿ ಹಾಡಿದವರದಾಗಿಯೇ ಮುಟ್ಟಬೇಕಾದರೆ ಗುಂಡಿ ತಿರುಗಿಸುವವನು ಪ್ರತಿ ಹೆಜ್ಜೆಗೂ ನಿಂತು ಕೇಳಿಸಿಕೊಳ್ಳಬೇಕಾಗುತ್ತದೆ. ಸಣ್ಣ ಅಳತೆಯಲ್ಲಿ ಚಲಿಸುವ ಅನುಕೂಲವನ್ನು ತಂತ್ರಾಂಶ ಕೊಟ್ಟಿದೆ; ಎಲ್ಲಿ ನಿಲ್ಲಬೇಕೆಂಬ ತಿಳಿವಳಿಕೆಯನ್ನು ನಾವು ತಿರುಮಕೂಡಲಿನ ಈ ಮಹನೀಯರಂಥವರಿಂದಲೇ ಕಲಿಯಬೇಕು.